ದಕ್ಷಿಣ ಆಫ್ರಿಕಾದ ಸಬಲೀಕರಣ ನೀತಿ: ಷೇರುಪತ್ರವೋ, ಖರೀದಿ ಆದೇಶವೋ?

ವ್ಯಾಪಾರದ ಪರವಾನಗಿಯನ್ನು ನಿರಾಕರಿಸಲು ಲೆಕ್ಕದ ಪುಸ್ತಕವನ್ನೇ ನೆಪ ಮಾಡಿಕೊಂಡ ಕಾನೂನೊಂದು 1897ರಲ್ಲಿ ದಕ್ಷಿಣ ಆಫ್ರಿಕಾದ ನೇಟಾಲ್ ವಸಾಹತಿನಲ್ಲಿ ಜಾರಿಗೆ ಬಂದಿತು. ವ್ಯಾಪಾರಿಗಳ ಪರವಾನಗಿ ಕಾಯ್ದೆ ಎಂಬುದು ಅದರ ಹೆಸರು. ಲೆಕ್ಕಪತ್ರಗಳನ್ನು ಇಂಗ್ಲಿಷಿನಲ್ಲಿ ಇಡಲಾರದವನಿಗೆ ಪರವಾನಗಿ ಇಲ್ಲ. ಅಧಿಕಾರಿಯ ತೀರ್ಮಾನದ ವಿರುದ್ಧ ಪಟ್ಟಣ ಸಭೆಗೆ ಮನವಿ ಸಲ್ಲಿಸಬಹುದಿತ್ತೇ ಹೊರತು ಸರ್ವೋಚ್ಚ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ಆ ಪಟ್ಟಣ ಸಭೆಗಳಲ್ಲಿ ಕುಳಿತಿದ್ದವರಲ್ಲಿ ಪ್ರತಿಸ್ಪರ್ಧಿಗಳಾದ ಯುರೋಪಿಯನ್ ವರ್ತಕರೂ ಇದ್ದರು. ಕಾಯ್ದೆಯಲ್ಲಿ 'ಭಾರತೀಯ' ಎಂಬ ಪದವೇ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಗುಜರಾತಿಯಲ್ಲಿ ಖಾತೆ ಬರೆಯುತ್ತಿದ್ದ ಡರ್ಬನ್ನಿನ ವರ್ತಕನಿಗೆ ಅದು ಯಾರಿಗಾಗಿ ಬರೆದ ಕಾನೂನು ಎಂಬುದು ಚೆನ್ನಾಗಿಯೇ ತಿಳಿದಿತ್ತು. (ಇದಕ್ಕೂ ನಾಲ್ಕು ವರ್ಷ ಮೊದಲು, ದಾದಾ ಅಬ್ದುಲ್ಲಾ ಸಂಸ್ಥೆಯ ದಾವೆಗಾಗಿ ಅದೇ ಊರಿಗೆ ಹೋದ ಯುವ ವಕೀಲ ಗಾಂಧಿಯವರು, ಮೊಕದ್ದಮೆ ಅರ್ಥವಾಗಬೇಕಾದರೆ ಜಮಾಖರ್ಚು ಅರ್ಥವಾಗಬೇಕೆಂದು ಲೆಕ್ಕಬರಹದ ಪುಸ್ತಕವನ್ನು ಕೊಂಡು ಓದಿದ ಸಂಗತಿ ಅವರ ಆತ್ಮಕಥೆಯಲ್ಲಿದೆ.)

ಈ ಹಳೆಯ ಕಾಯ್ದೆಯನ್ನು ಇಂದು ನೆನೆಯಲು ಕಾರಣವಿದೆ. ಜನಾಂಗೀಯ ಸಮಾನತೆಗಾಗಿ ಸರ್ಕಾರವು ಆರ್ಥಿಕ ಕ್ಷೇತ್ರದಲ್ಲಿ ಹಸ್ತಕ್ಷೇಪ ಮಾಡಬಹುದೇ ಎಂಬ ಚರ್ಚೆ ಎಲ್ಲಿ ನಡೆದರೂ, ಅದುವರೆಗೆ ಮಾರುಕಟ್ಟೆ ಮುಕ್ತವಾಗಿತ್ತು, ಸರ್ಕಾರ ಈಗಷ್ಟೇ ಕೈ ಹಾಕುತ್ತಿದೆ ಎಂಬಂತೆ ಮಾತು ಆರಂಭವಾಗುವುದು ರೂಢಿ. ದಕ್ಷಿಣ ಆಫ್ರಿಕಾದ ಮಟ್ಟಿಗೆ ಇದು ಸುಳ್ಳು. 1913ರ ಭೂ ಕಾಯ್ದೆಯು ಬಹುಸಂಖ್ಯಾತ ಆಫ್ರಿಕನ್ನರಿಗೆ ದೇಶದ ಭೂಮಿಯಲ್ಲಿ ಸುಮಾರು ಶೇ. 7ರಷ್ಟನ್ನು ಮಾತ್ರ ಬಿಟ್ಟುಕೊಟ್ಟಿತು. 1936ರಲ್ಲಿ ಅದನ್ನು ಸುಮಾರು ಶೇ. 13ಕ್ಕೆ ಏರಿಸಲಾಯಿತು. 1950ರ ಪ್ರದೇಶ ವಿಂಗಡಣೆ ಕಾಯ್ದೆಯು ಯಾವ ಜನಾಂಗದವನು ಯಾವ ಬೀದಿಯಲ್ಲಿ ಅಂಗಡಿ ಇಡಬೇಕೆಂದು ಗೊತ್ತುಪಡಿಸಿತು. ಜೋಹಾನ್ಸ್‌ಬರ್ಗಿನ ಪೇಜ್‌ವ್ಯೂ ಬಡಾವಣೆಯ 14ನೇ ಬೀದಿಯಲ್ಲಿ ತಲೆಮಾರುಗಳಿಂದ ವ್ಯಾಪಾರ ನಡೆಸಿದ್ದ ಭಾರತೀಯ ಮೂಲದವರನ್ನು 1970ರ ದಶಕದಲ್ಲಿ ಎಬ್ಬಿಸಿ ಫೋರ್ಡ್ಸ್‌ಬರ್ಗಿನ ಓರಿಯಂಟಲ್ ಪ್ಲಾಜಾ ಎಂಬ ಹೊಸ ಮಳಿಗೆ ಸಂಕೀರ್ಣಕ್ಕೆ ಕಳುಹಿಸಲಾಯಿತು.

ಕಪ್ಪು ಜನಾಂಗದ ವರ್ತಕರ ಸ್ಥಿತಿ ಇದಕ್ಕಿಂತ ಕಠಿಣವಾಗಿತ್ತು. 1963ರ ಸರ್ಕಾರಿ ಸುತ್ತೋಲೆಯ ಪ್ರಕಾರ ನಗರದ ಅಂಚಿನ ವಸತಿಗಳಲ್ಲಿ ಆಫ್ರಿಕನ್ ವರ್ತಕನು ಒಂದಕ್ಕಿಂತ ಹೆಚ್ಚು ಅಂಗಡಿ ಇಡುವಂತಿರಲಿಲ್ಲ; ಕಂಪನಿಯನ್ನಾಗಲೀ ಪಾಲುದಾರಿಕೆ ಸಂಸ್ಥೆಯನ್ನಾಗಲೀ ಸ್ಥಾಪಿಸುವಂತಿರಲಿಲ್ಲ; ನಿತ್ಯೋಪಯೋಗಿ ಸರಕುಗಳ ಹೊರತು ಬೇರೆ ವಹಿವಾಟು ನಡೆಸುವಂತಿರಲಿಲ್ಲ. ವ್ಯಾಪಾರ ಬೆಳೆಯದಂತೆ ನೋಡಿಕೊಳ್ಳುವುದೇ ನಿಯಮದ ಉದ್ದೇಶವಾಗಿತ್ತು. ಇದಕ್ಕೆ ಉತ್ತರವಾಗಿ ಆ ವರ್ತಕರು 1964ರಲ್ಲಿ ಕಟ್ಟಿಕೊಂಡದ್ದು ಒಂದು ವಾಣಿಜ್ಯ ಮಂಡಳಿಯನ್ನು. ಸ್ಯಾಮ್ ಮೊಟ್ಸುಎನ್ಯಾನೆ ಅವರ ನೇತೃತ್ವದಲ್ಲಿ ಬೆಳೆದ ಆ ಸಂಸ್ಥೆ 1975ರಲ್ಲಿ ಆಫ್ರಿಕನ್ ಬ್ಯಾಂಕ್ ಎಂಬ ಸ್ವಂತ ಬ್ಯಾಂಕನ್ನೂ ಸ್ಥಾಪಿಸಿತು. ಬೀದಿ ಬದಿಯ ಕಿರಾಣಿ ವರ್ತಕರು ಸೇರಿ ಬ್ಯಾಂಕ್ ಕಟ್ಟಿದ ಈ ಸಂಗತಿ ಎಲ್ಲ ವಾಣಿಜ್ಯ ಮಂಡಳಿಗಳ ಸದಸ್ಯರೂ ತಿಳಿಯತಕ್ಕದ್ದು.

ಇನ್ನೊಂದು ಸಂಗತಿಯೂ ಮರೆಯಬಾರದು. ಜನಾಂಗದ ಆಧಾರದ ಮೇಲೆ ಆರ್ಥಿಕ ಸಬಲೀಕರಣವೆಂಬುದು ಆ ದೇಶದಲ್ಲಿ 1994ರ ನಂತರ ಹುಟ್ಟಿದ ಕಲ್ಪನೆಯಲ್ಲ. ಇಂಗ್ಲಿಷ್ ಮಾತನಾಡುವ ಬಿಳಿಯರ ಕೈಯಲ್ಲಿದ್ದ ಉದ್ಯಮಗಳಲ್ಲಿ ಪಾಲು ಪಡೆಯಲು ಆಫ್ರಿಕಾನರ್ ಬಿಳಿಯರು ಮೊದಲಿಗೆ ಇದೇ ಹಾದಿ ಹಿಡಿದರು. 1918ರಲ್ಲಿ ಸಾನ್ಲಾಮ್ ವಿಮಾ ಸಂಸ್ಥೆ, 1934ರಲ್ಲಿ ಫೋಕ್ಸ್‌ಕಾಸ್ ಬ್ಯಾಂಕ್ ಸ್ಥಾಪನೆಯಾದವು. 1948ರಲ್ಲಿ ಅವರ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಸರ್ಕಾರದ ಖಾತೆಗಳು, ಗುತ್ತಿಗೆಗಳು, ಹುದ್ದೆಗಳು ಅವರತ್ತ ಹರಿದವು. ಆ ಸಬಲೀಕರಣವನ್ನು ಅಂದು ಯಾರೂ ಮಾರುಕಟ್ಟೆಗೆ ಅಪಚಾರವೆಂದು ಬಗೆಯಲಿಲ್ಲ.

ಸಾಲದಲ್ಲಿ ಕೊಂಡ ಒಡೆತನ

1994ರ ಏಪ್ರಿಲ್ ಚುನಾವಣೆಯೊಂದಿಗೆ ಮತದಾನದ ಹಕ್ಕು ಎಲ್ಲರದಾಯಿತು. 1996ರ ಸಂವಿಧಾನದ 9ನೇ ಪ್ರಕರಣವು, ಅನ್ಯಾಯಕ್ಕೆ ಒಳಗಾದವರ ಏಳಿಗೆಗಾಗಿ ಕೈಗೊಳ್ಳುವ ಕ್ರಮಗಳನ್ನು ಸಮಾನತೆಯ ಭಾಗವೆಂದೇ ಒಪ್ಪಿತು. 217ನೇ ಪ್ರಕರಣವು ಸರ್ಕಾರಿ ಖರೀದಿ ನ್ಯಾಯಯುತವೂ ಪಾರದರ್ಶಕವೂ ಸ್ಪರ್ಧಾತ್ಮಕವೂ ಮಿತವ್ಯಯದ್ದೂ ಆಗಿರಬೇಕೆಂದು ವಿಧಿಸಿ, ಅದರ ಜೊತೆಯಲ್ಲೇ ಹಿಂದೆ ವಂಚಿತರಾದವರಿಗೆ ಆದ್ಯತೆ ನೀಡಲು ಅವಕಾಶ ಕಲ್ಪಿಸಿತು. ಸರ್ಕಾರಿ ಟೆಂಡರನ್ನು ಸಂವಿಧಾನದಲ್ಲೇ ಬರೆದಿಟ್ಟ ದೇಶಗಳು ವಿರಳ.

ಆದರೆ ಸಬಲೀಕರಣದ ಮೊದಲ ಅಲೆ ಟೆಂಡರಿನಲ್ಲಿ ಆರಂಭವಾಗಲಿಲ್ಲ, ಷೇರು ಪೇಟೆಯಲ್ಲಿ ಆರಂಭವಾಯಿತು. ಚುನಾವಣೆಗೂ ಮೊದಲೇ, 1993ರಲ್ಲಿ, ಮೇಲೆ ಹೇಳಿದ ಸಾನ್ಲಾಮ್ ಸಂಸ್ಥೆಯೇ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯಲ್ಲಿದ್ದ ತನ್ನ ಷೇರುಗಳ ಒಂದು ಭಾಗವನ್ನು ನ್ತಾಟೊ ಮೊಟ್ಲಾನಾ ಅವರ ನೇತೃತ್ವದ ಕಪ್ಪು ಹೂಡಿಕೆದಾರರ ಗುಂಪಿಗೆ ಮಾರಿತು. ಕೊಳ್ಳುವವರ ಕೈಯಲ್ಲಿ ಬಂಡವಾಳವಿರಲಿಲ್ಲ. ಆದುದರಿಂದ ಇಂತಹ ವ್ಯವಹಾರಗಳಿಗೆಂದೇ ಪ್ರತ್ಯೇಕ ಸಂಸ್ಥೆಯೊಂದನ್ನು ಹುಟ್ಟುಹಾಕಿ, ಅದರ ಮೂಲಕ ಸಾಲವೆತ್ತಿ, ಕೊಂಡ ಷೇರುಗಳನ್ನೇ ಆ ಸಾಲಕ್ಕೆ ಅಡವಿಡುವ ಪದ್ಧತಿ ಬಳಕೆಗೆ ಬಂದಿತು. ಲಾಭಾಂಶದಿಂದ ಬಡ್ಡಿ ತೀರಬೇಕು, ಷೇರು ಬೆಲೆಯ ಏರಿಕೆಯಿಂದ ಅಸಲು ತೀರಬೇಕು. 1998ರಲ್ಲಿ ಷೇರು ಬೆಲೆ ಕುಸಿಯಿತು, ಬ್ಯಾಂಕ್ ಬಡ್ಡಿ ಶೇ. 20ನ್ನು ದಾಟಿತು. ಅನೇಕ ವ್ಯವಹಾರಗಳಲ್ಲಿ ಅಡವಿನ ಮೌಲ್ಯ ಸಾಲಕ್ಕಿಂತ ಕೆಳಗಿಳಿದು ಷೇರುಗಳು ಸಾಲ ಕೊಟ್ಟವರ ಪಾಲಾದವು.

ಹತ್ತು ವರ್ಷಗಳ ನಂತರ ಇದೇ ಕಥೆ ಸಾಮಾನ್ಯ ಜನರ ಉಳಿತಾಯದೊಂದಿಗೆ ನಡೆಯಿತು. ಸಾಸೋಲ್ ಇಂಧನ ಕಂಪನಿ 2008ರಲ್ಲಿ 'ಇಂಜಾಲೊ' ಎಂಬ ಯೋಜನೆಯಲ್ಲಿ ಕಪ್ಪು ಜನಾಂಗದ ಸಾಮಾನ್ಯ ನಾಗರಿಕರಿಗೂ ಷೇರು ನೀಡಿತು. ಅಲ್ಪ ಮುಂಗಡ ಕೊಟ್ಟವರು ಉಳಿದ ಭಾಗವನ್ನು ಸಾಲದ ಆಧಾರದಲ್ಲಿ ಪಡೆದರು. 2018ರಲ್ಲಿ ಯೋಜನೆಯ ಅವಧಿ ಮುಗಿದಾಗ ಸಾಲ ತೀರಿಸಿ ಅವರಿಗೆ ಹಂಚಲು ಏನೂ ಉಳಿದಿರಲಿಲ್ಲ. ಕಂಪನಿ ಮತ್ತೊಂದು ಯೋಜನೆಯನ್ನು ಮುಂದಿಡಬೇಕಾಯಿತು. ಎಲ್ಲ ಯೋಜನೆಗಳೂ ಹೀಗೆಯೇ ಆದವೆಂದು ಹೇಳುವುದು ನ್ಯಾಯವಲ್ಲ. 2006ರಲ್ಲಿ ಮಲ್ಟಿಚಾಯ್ಸ್ ದೂರದರ್ಶನ ಸಂಸ್ಥೆ 'ಫುಥುಮಾ ನಾಥಿ' ಹೆಸರಿನಲ್ಲಿ 10 ರ‍್ಯಾಂಡ್‌ಗೆ ಒಂದರಂತೆ ನೀಡಿದ ಷೇರುಗಳು ಕೊಂಡವರಿಗೆ ವರ್ಷಾನುವರ್ಷ ಉತ್ತಮ ಲಾಭಾಂಶ ತಂದುಕೊಟ್ಟವು. ಆದರೆ ಎರಡರಲ್ಲೂ ಒಂದು ಸಾಮ್ಯವಿದೆ: ಷೇರುದಾರನ ಹೆಸರು ಬದಲಾಯಿತೇ ವಿನಾ ಕಾರ್ಖಾನೆಯ ಒಳಗೆ ಕಚ್ಚಾ ಸರಕು ಒದಗಿಸುವವನು, ಯಂತ್ರ ದುರಸ್ತಿ ಮಾಡುವವನು, ಸಾಗಣೆದಾರ, ಇವರು ಯಾರೂ ಬದಲಾಗಬೇಕಾಗಿರಲಿಲ್ಲ. ಬ್ಯಾಲೆನ್ಸ್ ಶೀಟಿನ ಎಡಭಾಗದಲ್ಲಿ ನಡೆದ ಸಮಾನತೆ ಅದು.

ಅಂಕಪಟ್ಟಿಯ ಕಾಲ

ಈ ಕೊರತೆಯನ್ನು ಸರ್ಕಾರ ಕಾಣದೆ ಇರಲಿಲ್ಲ. ಒಡೆತನವೊಂದೇ ಸಾಲದು, ನೀತಿಗೆ 'ವಿಶಾಲ ತಳಹದಿ' ಬೇಕೆಂದು 2003ರಲ್ಲಿ ಹೊಸ ಕಾಯ್ದೆ ಬಂದಿತು. 2007ರಲ್ಲಿ ಅದರ ಸಂಹಿತೆಗಳು ಹೊರಬಿದ್ದವು. ಪ್ರತಿ ಕಂಪನಿಗೂ ಅಂಕಪಟ್ಟಿ. 2013ರ ಪರಿಷ್ಕೃತ ಸಂಹಿತೆಯಲ್ಲಿ ಒಡೆತನಕ್ಕೆ 25 ಅಂಕಗಳಿದ್ದರೆ, ಕಪ್ಪು ಜನಾಂಗದ ಸಂಸ್ಥೆಗಳಿಂದ ಖರೀದಿ ಮಾಡುವುದಕ್ಕೂ ಅಂತಹ ಸಣ್ಣ ಸರಬರಾಜುದಾರರನ್ನು ಬೆಳೆಸುವುದಕ್ಕೂ ಸೇರಿ 40 ಅಂಕಗಳು. ತೆರಿಗೆ ಕಳೆದ ಲಾಭದ ಶೇ. 2ರಷ್ಟನ್ನು ಸರಬರಾಜುದಾರರ ಅಭಿವೃದ್ಧಿಗೂ ಶೇ. 1ರಷ್ಟನ್ನು ಇತರ ಉದ್ದಿಮೆಗಳ ಅಭಿವೃದ್ಧಿಗೂ ವ್ಯಯಿಸುವುದು ಗುರಿ. ನಮ್ಮ ಕಂಪನಿ ಕಾಯ್ದೆಯ ಶೇ. 2ರ ಸಾಮಾಜಿಕ ಹೊಣೆಗಾರಿಕೆ ವೆಚ್ಚವನ್ನು ಬಲ್ಲವರಿಗೆ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಇಲ್ಲಿ ಆ ಹಣ ಶಾಲೆ, ಆಸ್ಪತ್ರೆ, ಕೆರೆಗಳಿಗೆ ಹೋಗುತ್ತದೆ. ಅಲ್ಲಿ ಅದು ನಾಳೆ ಸರಕು ಒದಗಿಸಬೇಕಾದ ಸಣ್ಣ ಉತ್ಪಾದಕನಿಗೆ ಹೋಗಬೇಕು.

ಈ ವ್ಯವಸ್ಥೆಯ ಜಾಣತನವೆಲ್ಲ ಸರಪಳಿಯಲ್ಲಿದೆ. ಒಟ್ಟು ಎಂಟು ಮಟ್ಟಗಳು. ಒಂದನೇ ಮಟ್ಟದ ಮಾರಾಟಗಾರನಿಂದ 100 ರ‍್ಯಾಂಡ್‌ನ ಸರಕು ಕೊಂಡರೆ ಖರೀದಿದಾರನ ಅಂಕಪಟ್ಟಿಯಲ್ಲಿ ಅದು 135 ಎಂದು ಲೆಕ್ಕ. ನಾಲ್ಕನೇ ಮಟ್ಟದವನಿಂದಾದರೆ 100. ಎಂಟನೆಯವನಿಂದಾದರೆ ಬರೀ 10. ಹೀಗಾಗಿ ಸರ್ಕಾರದೊಂದಿಗೆ ಎಂದೂ ವ್ಯವಹರಿಸದ ಸಣ್ಣ ವರ್ತಕನನ್ನೂ ಅವನ ಗಿರಾಕಿ ಪ್ರಮಾಣಪತ್ರ ಕೇಳುತ್ತಾನೆ. ಜಿಎಸ್‌ಟಿಯಲ್ಲಿ ಮಾರಾಟಗಾರನು ರಿಟರ್ನ್ ಸಲ್ಲಿಸದಿದ್ದರೆ ಕೊಂಡವನಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲವೆಂದು ಖರೀದಿದಾರನೇ ಬೆನ್ನು ಹತ್ತುವಂತೆ, ಅಲ್ಲಿ ಸಮಾನತೆಯ ಕಾವಲನ್ನು ಖರೀದಿದಾರನಿಗೆ ವಹಿಸಲಾಗಿದೆ. ಇನ್‌ಸ್ಪೆಕ್ಟರುಗಳ ಪಡೆಯಿಲ್ಲದೆ ನೀತಿಯೊಂದನ್ನು ಮಾರುಕಟ್ಟೆಯ ತಳದವರೆಗೆ ಇಳಿಸುವ ಉಪಾಯವಿದು.

ಸಣ್ಣವರಿಗೆ ರಿಯಾಯಿತಿಯೂ ಉಂಟು. ವಾರ್ಷಿಕ ವಹಿವಾಟು 1 ಕೋಟಿ ರ‍್ಯಾಂಡ್, ಅಂದರೆ ಸ್ಥೂಲವಾಗಿ 5 ಕೋಟಿ ರೂಪಾಯಿ, ಮೀರದ ಸಂಸ್ಥೆಗೆ ತಾನೇ ತಾನಾಗಿ ನಾಲ್ಕನೇ ಮಟ್ಟ, ಅದರಲ್ಲಿ ಶೇ. 51 ಪಾಲು ಕಪ್ಪು ಜನಾಂಗದವರದಾದರೆ ಎರಡನೇ ಮಟ್ಟ, ಪೂರ್ಣ ಪಾಲಾದರೆ ಒಂದನೇ ಮಟ್ಟ. ಲೆಕ್ಕ ಪರಿಶೋಧನೆಯ ವೆಚ್ಚವಿಲ್ಲ, ಪ್ರಮಾಣಿತ ಅಫಿಡವಿಟ್ ಸಾಕು. ಹಾಗೆಯೇ, 2025ರ ಜನವರಿಯಿಂದ 50ಕ್ಕಿಂತ ಕಡಿಮೆ ನೌಕರರುಳ್ಳ ಸಂಸ್ಥೆಗಳನ್ನು, ವಹಿವಾಟು ಎಷ್ಟೇ ಇರಲಿ, ಉದ್ಯೋಗ ಸಮಾನತೆ ಕಾಯ್ದೆಯ ಯೋಜನೆ ಮತ್ತು ವರದಿಗಳ ಹೊರೆಯಿಂದ ಬಿಡುಗಡೆ ಮಾಡಲಾಗಿದೆ. ಇಲ್ಲಿಂದ ರಫ್ತು ಮಾಡುವವರೂ ಅಲ್ಲಿ ಶಾಖೆ ತೆರೆಯುವವರೂ ಗಮನಿಸಬೇಕಾದ ಅಂಶವೊಂದಿದೆ. ಕಾಯ್ದೆಯ 'ಕಪ್ಪು ಜನ' ಎಂಬ ಪದದಲ್ಲಿ ಆಫ್ರಿಕನ್ನರು, ಮಿಶ್ರ ಮೂಲದವರು ಹಾಗೂ ಭಾರತೀಯ ಮೂಲದವರು ಮೂವರೂ ಸೇರುತ್ತಾರೆ. ಆದರೆ ಜನ್ಮದಿಂದ ಅಥವಾ ವಂಶದಿಂದ ಆ ದೇಶದ ಪ್ರಜೆಗಳಾದವರು, ಇಲ್ಲವೇ 1994ರ ಏಪ್ರಿಲ್ 27ಕ್ಕೆ ಮೊದಲು ಪೌರತ್ವ ಪಡೆದವರು ಅಥವಾ ಆಗಲೇ ಅದಕ್ಕೆ ಅರ್ಹರಾಗಿದ್ದವರು ಮಾತ್ರ. ಬೆಂಗಳೂರಿನ ಕಂಪನಿ ಜೋಹಾನ್ಸ್‌ಬರ್ಗಿನಲ್ಲಿ ಕಚೇರಿ ತೆರೆದರೆ ಅದರ ಭಾರತೀಯ ಒಡೆತನಕ್ಕೆ ಅಂಕವಿಲ್ಲ.

ಆದ್ಯತೆಯ ಬೆಲೆ ಎಷ್ಟು, ಕೊಡುವವರು ಯಾರು?

ಆದ್ಯತಾ ಖರೀದಿಯಿಂದ ಬೊಕ್ಕಸ ಬರಿದಾಗುತ್ತದೆ ಎಂಬ ದೂರು ಸಾಮಾನ್ಯ. ದೂರಿನ ಬದಲು ಲೆಕ್ಕ ಹಾಕಿ ನೋಡುವುದು ಮೇಲು. 2000ದ ಆದ್ಯತಾ ಖರೀದಿ ಕಾಯ್ದೆಯಡಿ 2022ರಲ್ಲಿ ಹೊರಡಿಸಿದ ನಿಯಮಗಳು 5 ಕೋಟಿ ರ‍್ಯಾಂಡ್‌ವರೆಗಿನ ಟೆಂಡರುಗಳಲ್ಲಿ ಬೆಲೆಗೆ 80, ಆದ್ಯತೆಗೆ 20 ಅಂಕಗಳನ್ನು ನಿಗದಿ ಮಾಡಿದವು. ಅದಕ್ಕೆ ಮೇಲ್ಪಟ್ಟವುಗಳಲ್ಲಿ 90 ಮತ್ತು 10. ಅತಿ ಕಡಿಮೆ ದರ ಕೂಗಿದವನಿಗೆ ಬೆಲೆಯ 80 ಅಂಕ ಪೂರ್ಣ. ಉಳಿದವರ ದರ ಎಷ್ಟು ಪಾಲು ಹೆಚ್ಚೋ ಅಷ್ಟು ಪಾಲು ಅಂಕ ಕಡಿತ. ಕನಿಷ್ಠ ದರ 10 ಲಕ್ಷ, ಆ ಬಿಡ್‌ದಾರನಿಗೆ ಆದ್ಯತೆಯ ಅಂಕ ಸೊನ್ನೆ ಎಂದಿಟ್ಟುಕೊಳ್ಳೋಣ. ಪೂರ್ತಿ 20 ಅಂಕವುಳ್ಳ ಪ್ರತಿಸ್ಪರ್ಧಿ 12.5 ಲಕ್ಷ ಕೂಗಿದರೆ ಬೆಲೆಯಲ್ಲಿ 60, ಆದ್ಯತೆಯಲ್ಲಿ 20, ಒಟ್ಟು 80, ಇಬ್ಬರೂ ಸಮ. ಅಂದರೆ ಬೊಕ್ಕಸ ಕೊಡಬಹುದಾದ ಅತ್ಯಧಿಕ ಹೆಚ್ಚುವರಿ ಶೇ. 25. ದೊಡ್ಡ ಟೆಂಡರುಗಳಲ್ಲಿ ಶೇ. 11ಕ್ಕೆ ಸ್ವಲ್ಪ ಹೆಚ್ಚು. ಇದು ಅಲ್ಪವೂ ಅಲ್ಲ, ಅಪಾರವೂ ಅಲ್ಲ. ಮುಖ್ಯವಾಗಿ, ಮೊದಲೇ ತಿಳಿದಿರುವ ಮೊತ್ತ.

ಭಾರತದ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜನಾಂಗವೂ ಜಾತಿಯೂ ಒಂದೇ ಅಲ್ಲ, ನಿಜ. ಆದರೆ ಖರೀದಿಯ ಮೂಲಕ ಸಮಾನತೆ ತರುವ ಉಪಕರಣ ಒಂದೇ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗಾಗಿ 2012ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಖರೀದಿ ನೀತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉದ್ಯಮಿಗಳಿಂದ ಶೇ. 4ರಷ್ಟು ಖರೀದಿಯ ಗುರಿ ಇದೆ. ಸಣ್ಣ ಘಟಕದ ದರ ಕನಿಷ್ಠ ದರಕ್ಕಿಂತ ಶೇ. 15ರ ಒಳಗಿದ್ದರೆ, ಕನಿಷ್ಠ ದರಕ್ಕೆ ಇಳಿದು ಬರಲು ಒಪ್ಪಿದಲ್ಲಿ ಆದೇಶದ ಒಂದು ಪಾಲು ಅದಕ್ಕೆ ದೊರೆಯುತ್ತದೆ. ಸರ್ಕಾರಕ್ಕೆ ಇದರಿಂದ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಆದ್ಯತೆಯ ಬೆಲೆಯನ್ನು ತೆರುವವನು ಆದ್ಯತೆ ಪಡೆದವನೇ! ಕರ್ನಾಟಕದ ಕಾಮಗಾರಿ ಗುತ್ತಿಗೆಗಳಲ್ಲಿ ಹಾದಿ ಬೇರೆ. 2017ರ ತಿದ್ದುಪಡಿಯು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲಿಟ್ಟಿತು, 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಇಲ್ಲಿ ಕೆಲಸವೇ ಮೀಸಲು, ಸ್ಪರ್ಧೆ ಆ ವರ್ಗದ ಒಳಗೆ. ದಕ್ಷಿಣ ಆಫ್ರಿಕಾದ ಅಂಕ ಪದ್ಧತಿಯಲ್ಲಿ ಎಲ್ಲರೂ ಒಂದೇ ಕಣದಲ್ಲಿರುತ್ತಾರೆ, ಅಂತರದ ಬೆಲೆಯನ್ನು ಸಾರ್ವಜನಿಕ ಹಣ ತೆರುತ್ತದೆ. ಸಮಾನತೆ ಸಮಾಜದ ಹೊಣೆಯೆಂದು ಒಪ್ಪಿದ ಮೇಲೆ ಅದರ ಬಿಲ್ಲು ಸಮಾಜದ ಹೆಸರಿಗೇ ಬರುವುದು ಸರಿ. ಈ ಒಂದು ವಿಷಯದಲ್ಲಿ ದಕ್ಷಿಣ ಆಫ್ರಿಕಾದ ಸೂತ್ರ ಹೆಚ್ಚು ಪ್ರಾಮಾಣಿಕವಾದದ್ದು.

ಸೂತ್ರ ಪ್ರಾಮಾಣಿಕವಾಗಿದ್ದರೂ ಬಳಕೆ ಹಾಗಿರಲಿಲ್ಲ. ತೋಟದ ಮಾಲಿಯನ್ನೋ ಕಚೇರಿಯ ಸಹಾಯಕನನ್ನೋ ಕಾಗದದ ಮೇಲೆ ಷೇರುದಾರನನ್ನಾಗಿ ಮಾಡಿ ಅಂಕ ಗಿಟ್ಟಿಸುವ ಬೇನಾಮಿ ಪದ್ಧತಿಗೆ ಅಲ್ಲಿ 'ಫ್ರಂಟಿಂಗ್' ಎಂದು ಹೆಸರು. ಕೇಪ್‌ಟೌನ್ ನಗರಸಭೆಯ ನೀರಿನ ಕಾಮಗಾರಿ ಟೆಂಡರುಗಳ ಸಂಬಂಧ ಇಂತಹುದೇ ದೂರೊಂದು 2010ರಲ್ಲಿ ಸಂವಿಧಾನ ನ್ಯಾಯಾಲಯವನ್ನು ತಲುಪಿತು. ದೂರಿತ್ತವನು ಪ್ರತಿಸ್ಪರ್ಧಿ ಸಂಸ್ಥೆಯವನೆಂಬ ಕಾರಣಕ್ಕೆ ತನಿಖೆ ಮಾಡದೆ ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲವೆಂಬುದು ಆ ತೀರ್ಪಿನ ತಾತ್ಪರ್ಯ. 2013ರ ತಿದ್ದುಪಡಿ ಫ್ರಂಟಿಂಗನ್ನು ಅಪರಾಧವಾಗಿಸಿತು: ವ್ಯಕ್ತಿಗೆ 10 ವರ್ಷಗಳವರೆಗೆ ಸೆರೆ, ಸಂಸ್ಥೆಗೆ ವಾರ್ಷಿಕ ವಹಿವಾಟಿನ ಶೇ. 10ರವರೆಗೆ ದಂಡ. ಇದಕ್ಕಿಂತ ದೊಡ್ಡ ರೋಗವೆಂದರೆ ರಾಜಕೀಯ ಸಂಪರ್ಕದಿಂದ ಟೆಂಡರ್ ಪಡೆದು ಕೆಲಸವನ್ನು ಮತ್ತೊಬ್ಬನಿಗೆ ವಹಿಸಿ ನಡುವಿನ ಹಣ ಉಳಿಸಿಕೊಳ್ಳುವವರ ಹಾವಳಿ. ಅಲ್ಲಿನ ಜನ ಇವರಿಗೆ 'ಟೆಂಡರ್‌ಪ್ರೆನರ್' ಎಂಬ ಹೆಸರನ್ನೇ ಟಂಕಿಸಿದ್ದಾರೆ. ನಮ್ಮ ಗುತ್ತಿಗೆ ವಲಯದವರಿಗೆ ಈ ಪದದ ವಿವರಣೆ ಬೇಕಾಗಲಾರದು. ರಾಜ್ಯಾಪಹರಣದ ಬಗ್ಗೆ ವಿಚಾರಣೆ ನಡೆಸಿದ ಜೊಂಡೊ ಆಯೋಗವು 2022ರ ತನ್ನ ಮೊದಲ ವರದಿಯಲ್ಲಿ, ಹಣಕ್ಕೆ ಗರಿಷ್ಠ ಮೌಲ್ಯ ದೊರಕಿಸುವುದೇ ಖರೀದಿಯಲ್ಲಿ ಪ್ರಧಾನ ರಾಷ್ಟ್ರಹಿತವೆಂದು ಕಾನೂನಿನಲ್ಲೇ ಸ್ಪಷ್ಟಪಡಿಸಬೇಕೆಂದು ಶಿಫಾರಸು ಮಾಡಿತು.

ಇದರ ಪರಿಣಾಮ ಮತಪೆಟ್ಟಿಗೆಯಲ್ಲೂ ಬೀದಿಯಲ್ಲೂ ಕಂಡಿದೆ. 2021ರ ಜುಲೈನಲ್ಲಿ ಮಾಜಿ ಅಧ್ಯಕ್ಷ ಜಾಕೋಬ್ ಜುಮಾ ಅವರನ್ನು ಸೆರೆಗೆ ಕಳುಹಿಸಿದಾಗ ಹೊತ್ತಿದ ಗಲಭೆ ಲೂಟಿಯಾಗಿ ಹಬ್ಬಿ, ಕ್ವಾಜುಲು-ನೇಟಾಲ್ ಮತ್ತು ಗೌಟೆಂಗ್ ಪ್ರಾಂತಗಳಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ಡರ್ಬನ್ ಬಳಿಯ ಭಾರತೀಯ ಮೂಲದವರ ಫೀನಿಕ್ಸ್ ಬಡಾವಣೆಯಲ್ಲಿ ಕಪ್ಪು ಜನರ ಕೊಲೆಗಳು ನಡೆದು ಎರಡು ಸಮುದಾಯಗಳ ನಡುವೆ ಇನ್ನೂ ಮಾಯದ ಗಾಯವಾಯಿತು. ಅಂಗಡಿ, ಗೋದಾಮು, ಕಾರ್ಖಾನೆಗಳ ನಷ್ಟಕ್ಕೆ ಸರ್ಕಾರಿ ವಿಮಾ ಸಂಸ್ಥೆ ಸಾಸ್ರಿಯಾದ ಮುಂದೆ ಬಂದ ಪರಿಹಾರದ ಹೊರೆ 3,000 ಕೋಟಿ ರ‍್ಯಾಂಡ್ ಮೀರಿತು. ಬೊಕ್ಕಸವೇ ಆ ಸಂಸ್ಥೆಗೆ ಬಂಡವಾಳ ತುಂಬಬೇಕಾಯಿತು. ಗಲಭೆಗೆ ರಾಜಕೀಯ ಕಾರಣವಿತ್ತು. ಆದರೆ ನಿರುದ್ಯೋಗ ಶೇ. 30ನ್ನು ಮೀರಿದ, ಆದಾಯದ ಅಸಮಾನತೆಯಲ್ಲಿ ವಿಶ್ವಬ್ಯಾಂಕಿನ ಪಟ್ಟಿಯ ತುದಿಯಲ್ಲಿರುವ ದೇಶದಲ್ಲಿ ಕಿಡಿ ಯಾರು ಹಚ್ಚಿದರೇನು, ಸುಡುವುದು ವರ್ತಕನ ಮಳಿಗೆ. 2024ರ ಚುನಾವಣೆಯಲ್ಲಿ ಆಡಳಿತ ಪಕ್ಷದ ಮತಗಳಿಕೆ ಶೇ. 40ರ ಆಸುಪಾಸಿಗೆ ಇಳಿದು, 1994ರ ನಂತರ ಮೊದಲ ಬಾರಿಗೆ ಅದು ಬಹುಮತ ಕಳೆದುಕೊಂಡಿತು.

ಸಮಾನತೆಯ ನೀತಿಯೇ ವಿಫಲವಾಯಿತೆಂದು ಇದರಿಂದ ತೀರ್ಮಾನಿಸುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಎಲ್ಲಿ ಶ್ರಮ ಕಡಿಮೆಯೋ ಅಲ್ಲಿ ನೀತಿ ಹೆಚ್ಚು ಕೆಲಸ ಮಾಡಿತು: ಷೇರು ವರ್ಗಾವಣೆಗೆ ವಕೀಲರೂ ಬ್ಯಾಂಕಿನವರೂ ಸಾಕು. ಸಣ್ಣ ಉತ್ಪಾದಕನೊಬ್ಬನನ್ನು ಹುಡುಕಿ, ಅವನ ಸರಕಿನ ಗುಣಮಟ್ಟ ಸುಧಾರಿಸಿ, ಆದೇಶ ಕೊಟ್ಟು, ಸಮಯಕ್ಕೆ ಹಣ ಪಾವತಿಸಲು ಖರೀದಿ ಅಧಿಕಾರಿಗೆ ವರ್ಷಗಟ್ಟಲೆ ತಾಳ್ಮೆ ಬೇಕು. ಸಂಹಿತೆಯ 40 ಅಂಕಗಳು ಈ ಎರಡನೆಯ ಕೆಲಸಕ್ಕೆ, ಆದರೆ ಪತ್ರಿಕೆಗಳ ಮುಖಪುಟವೂ ರಾಜಕಾರಣಿಗಳ ಆಸಕ್ತಿಯೂ ಮೊದಲನೆಯದರತ್ತ.

ಪಾವತಿಯ ವಿಷಯವನ್ನೇ ತೆಗೆದುಕೊಳ್ಳಿ. ಸರ್ಕಾರಿ ಇಲಾಖೆಗಳು 30 ದಿನಗಳಲ್ಲಿ ಸರಬರಾಜುದಾರರ ಹಣ ತೀರಿಸಬೇಕೆಂದು ದಕ್ಷಿಣ ಆಫ್ರಿಕಾದ ಖಜಾನೆ ನಿಯಮವೇ ಹೇಳುತ್ತದೆ. ತೀರಿಸದ ಇಲಾಖೆಗಳ ವರದಿಯನ್ನು ಖಜಾನೆಯೇ ಪ್ರಕಟಿಸುತ್ತ ಬಂದಿದೆ. 20 ಲಕ್ಷದ ಬಿಲ್ಲು 180 ದಿನ ತಡವಾದರೆ ಶೇ. 14ರ ಬಡ್ಡಿಯಲ್ಲಿ ಸುಮಾರು 1.38 ಲಕ್ಷ ಕರಗುತ್ತದೆ. ಶೇ. 8ರ ಲಾಭದ ಕೆಲಸದಲ್ಲಿ ಸಿಗುವುದೇ 1.60 ಲಕ್ಷ. ಹಳೆಯ ಸಂಸ್ಥೆಗೆ ಇದು ಕಿರಿಕಿರಿ. ಆಸ್ತಿಯಿಲ್ಲದೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಇಲ್ಲದೆ, ಖಾಸಗಿ ಸಾಲದಲ್ಲಿ ನಡೆಯುವ ಹೊಸಬನಿಗೆ ಇದೇ ಕೊನೆ. ಆದ್ಯತೆಯ ಅಂಕದಿಂದ ಬಾಗಿಲು ತೆರೆದು, ಪಾವತಿಯ ವಿಳಂಬದಿಂದ ಅದೇ ಬಾಗಿಲು ಮುಚ್ಚಿದರೆ ಒಳಗೆ ಉಳಿಯುವವರು ಹಳಬರೇ. ನಮ್ಮಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಉಪಬಂಧವು 2023-24ನೇ ಸಾಲಿನಿಂದ ಖಾಸಗಿ ಖರೀದಿದಾರನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನಗಳ ಒಳಗೆ ಹಣ ಕೊಡದಿದ್ದರೆ ಆ ವರ್ಷದ ಖರ್ಚನ್ನೇ ಒಪ್ಪದಂತೆ ಮಾಡಿತು. ತೆರಿಗೆಯೇ ಕಟ್ಟದ ಸರ್ಕಾರಿ ಇಲಾಖೆಯ ಮೇಲೆ ಈ ಅಸ್ತ್ರ ನಡೆಯದು.

2024ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಹೊಸ ಸಾರ್ವಜನಿಕ ಖರೀದಿ ಕಾಯ್ದೆಗೆ ಅಧ್ಯಕ್ಷ ಸಿರಿಲ್ ರಾಮಫೋಸಾ ಅಂಕಿತ ಹಾಕಿದರು. ರಾಜಕೀಯ ಅಧಿಕಾರಕ್ಕೆ ಮರಳುವ ಮುನ್ನ ಸಬಲೀಕರಣದ ಷೇರು ವ್ಯವಹಾರಗಳಿಂದಲೇ ಸಿರಿವಂತರಾದವರಲ್ಲಿ ಅವರೂ ಒಬ್ಬರು. 2025ರಲ್ಲಿ ಸರ್ಕಾರ ವರ್ಷಕ್ಕೆ 2,000 ಕೋಟಿ ರ‍್ಯಾಂಡ್‌ನಂತೆ ಐದು ವರ್ಷಗಳ ಪರಿವರ್ತನಾ ನಿಧಿಯೊಂದರ ಕರಡನ್ನು ಮುಂದಿಟ್ಟಿತು. ಸಂಹಿತೆಯಂತೆ ಕಂಪನಿಗಳು ಸರಬರಾಜುದಾರರ ಅಭಿವೃದ್ಧಿಗೆ ವ್ಯಯಿಸಬೇಕಾದ ಹಣವನ್ನು ಒಂದೆಡೆ ಕೂಡಿಸಿ ಕಪ್ಪು ಜನಾಂಗದ ಉದ್ದಿಮೆಗಳಿಗೆ ಒದಗಿಸುವ ಯೋಜನೆ ಇದು. ಕಂಪನಿಯೊಂದು ತನ್ನದೇ ಸರಬರಾಜುದಾರನನ್ನು ಬೆಳೆಸಿದರೆ ಹಣದ ಜೊತೆಗೆ ಆದೇಶವೂ ಅವನಿಗೆ ಸಿಗುತ್ತದೆ. ನಿಧಿಗೆ ಚೆಕ್ಕು ಬರೆದುಕೊಟ್ಟರೆ ಹಣ ಮಾತ್ರ ಹೋಗುತ್ತದೆ, ಆದೇಶ ಹೋಗುವುದಿಲ್ಲ. ಕರಡು ಓದಿದ ಅಲ್ಲಿನ ಸಣ್ಣ ಉತ್ಪಾದಕರು ಕೇಳಬೇಕಾದ ಮೊದಲ ಪ್ರಶ್ನೆ ನಿಧಿಯ ಗಾತ್ರದ್ದಲ್ಲ. ಸಾಲ ಪಡೆದು ತಯಾರಿಸಿದ ಸರಕನ್ನು ಕೊಳ್ಳುವವರು ಯಾರು, ಎಷ್ಟು ದಿನಗಳಲ್ಲಿ ಹಣ ಕೊಡುತ್ತಾರೆ ಎಂಬುದು.